ಗಜನಿ ಹುಡುಕಿದರೆ ಅಫ್ಘಾನಿಸ್ತಾನ ಬರುತ್ತದೆ: ಕಾರವಾರದ ಕಾಲೇಜೊಂದರ ಮಾಹಿತಿ ಸಾಕ್ಷರತೆ ಕೋರ್ಸ್, ಒಂದು ವಿಮರ್ಶೆ

ಅಘನಾಶಿನಿ ಅಳಿವೆಯ ಉಪ್ಪುನೀರಿನ ಗದ್ದೆಗೆ ನಮ್ಮ ಕಡೆ ಗಜನಿ ಎನ್ನುತ್ತಾರೆ. ಅಲ್ಲಿ ಬೆಳೆಯುವ ಕಗ್ಗ ಭತ್ತದ ಮೇಲೆ ಅಸೈನ್‌ಮೆಂಟ್ ಬರೆಯಬೇಕಾದ ವಿದ್ಯಾರ್ಥಿ ಆ ಪದವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಪರದೆಯ ತುಂಬ ಘಜ್ನಿ ಮಹಮ್ಮದ, ಅಫ್ಘಾನಿಸ್ತಾನದ ಒಂದು ಊರು, ಒಂದು ಸಿನಿಮಾ. ಎರಡು ಸಲ ಹೀಗಾದರೆ ಆತ ‘ಏನೂ ಸಿಗಲಿಲ್ಲ ಮೇಡಂ’ ಎಂದು ಬಂದು ನಿಲ್ಲುತ್ತಾನೆ. ಸಿಗದಿರುವುದು ಮಾಹಿತಿಯಲ್ಲ, ಅದನ್ನು ಕರೆಯುವ ಹೆಸರು. ಆ ಹೆಸರನ್ನು ಗ್ರಂಥಪಾಲಕರೊಬ್ಬರೇ ಕಲಿಸಲಾರರು, ಪ್ರಾಧ್ಯಾಪಕರೊಬ್ಬರೇ ಕಲಿಸಲಾರರು. ಮಾಹಿತಿ ಹುಡುಕುವ, ತೂಗಿನೋಡುವ, ಬಳಸುವ ಈ ಕೌಶಲವನ್ನು, ಅಂದರೆ ಮಾಹಿತಿ ಸಾಕ್ಷರತೆಯನ್ನು, ಇಬ್ಬರೂ ಒಂದೇ ಕೋಣೆಯಲ್ಲಿ ನಿಂತು ಕಲಿಸುವ ಕೋರ್ಸೊಂದು ಕಾರವಾರದ ಒಂದು ಅನುದಾನಿತ ಪದವಿ ಕಾಲೇಜಿನಲ್ಲಿದೆ. ತಮ್ಮಲ್ಲೂ ಇಂಥದ್ದನ್ನು ಶುರು ಮಾಡಬೇಕೆಂದಿರುವ ಗ್ರಂಥಪಾಲಕರಿಗೆ, ಉಪನ್ಯಾಸಕರಿಗೆ ಅದರ ಗುಣದೋಷ ತಿಳಿಸುವುದು ಈ ಬರಹದ ಉದ್ದೇಶ.

ಮೊದಲು ಲೆಕ್ಕ. ಮೂರನೇ ಸೆಮಿಸ್ಟರಿನಲ್ಲಿ ತಲಾ 55 ನಿಮಿಷದ 5 ತರಗತಿಗಳು, 7 ವಾರಗಳಲ್ಲಿ ಹರಡಿಕೊಂಡಿವೆ. ಇತಿಹಾಸ, ಪ್ರಾಣಿಶಾಸ್ತ್ರ, ಅರ್ಥಶಾಸ್ತ್ರ ಹೀಗೆ ಮೂರು ವಿಭಾಗ. ಒಂದು ತಂಡಕ್ಕೆ 24 ಜನ, ಇಬ್ಬರಿಗೆ ಒಂದು ಕಂಪ್ಯೂಟರ್. ಶುಲ್ಕವಿಲ್ಲ, ಪ್ರಮಾಣಪತ್ರವೂ ಇಲ್ಲ. ಪ್ರಮಾಣಪತ್ರ ಇಲ್ಲದಿರುವುದೇ ಒಳ್ಳೆಯದು. ಪ್ರಮಾಣಪತ್ರಕ್ಕಾಗಿ ಬಂದವರು ಹಾಜರಿ ಹಾಕಿ ಹೋಗುತ್ತಾರೆ, ಅಂಕಕ್ಕಾಗಿ ಬಂದವರು ಕೆಲಸ ಮಾಡುತ್ತಾರೆ. ಇಲ್ಲಿ ಒಂದು ಅಸೈನ್‌ಮೆಂಟಿಗೆ 10 ಅಂಕ. ಅದರಲ್ಲಿ 6 ವಿಷಯದ ಉಪನ್ಯಾಸಕರ ಕೈಯಲ್ಲಿ, 4 ಗ್ರಂಥಪಾಲಕರ ಕೈಯಲ್ಲಿ.

ಈ 4 ಅಂಕವೇ ಕೋರ್ಸಿನ ಜೀವ. ಸಾಮಾನ್ಯವಾಗಿ ನಮ್ಮ ಕಾಲೇಜುಗಳಲ್ಲಿ ಗ್ರಂಥಾಲಯ ಪರಿಚಯವೆಂದರೆ ಮೊದಲ ವಾರ ಎಲ್ಲರನ್ನೂ ಸಾಲಾಗಿ ಕರೆದುಕೊಂಡು ಹೋಗಿ, ಇದು ರೆಫರೆನ್ಸ್ ವಿಭಾಗ, ಇದು ಪತ್ರಿಕೆಗಳ ಸ್ಟ್ಯಾಂಡ್, ಬ್ಯಾಗ್ ಹೊರಗಿಡಿ ಎಂದು ಹೇಳಿ ಕಳಿಸುವುದು. ಬೇಕಾದಾಗ ಹೇಳದೆ ಬೇಡವಾದಾಗ ಹೇಳಿದ ಮಾತು ಒಂದು ವಾರವೂ ನೆನಪಿರುವುದಿಲ್ಲ. ಈ ಕೋರ್ಸು ಅಸೈನ್‌ಮೆಂಟ್ ಕೊಟ್ಟ ಮರುವಾರ ಶುರುವಾಗುತ್ತದೆ. ಆಗ ಪ್ರತಿಯೊಬ್ಬರ ತಲೆಯಲ್ಲೂ ಒಂದು ಪ್ರಶ್ನೆ ಇರುತ್ತದೆ.

ತಯಾರಿ ನಡೆಯುವುದು ಸೆಮಿಸ್ಟರಿಗೆ ಮೂರು ವಾರ ಮೊದಲು. ಉಪನ್ಯಾಸಕರೂ ಗ್ರಂಥಪಾಲಕರೂ ಕೂರುವ ಮೇಜಿನ ಮೇಲೆ ಮೂರು ವಸ್ತು ಇರಬೇಕು: ಪಾಠಯೋಜನೆ, ಹಿಂದಿನ ವರ್ಷದ ಐದಾರು ಅಸೈನ್‌ಮೆಂಟುಗಳು, ಆ ವಿಷಯದಲ್ಲಿ ಗ್ರಂಥಾಲಯದಲ್ಲಿರುವ ಪುಸ್ತಕಗಳ ಪಟ್ಟಿ. ಹಳೆಯ ಅಸೈನ್‌ಮೆಂಟಿನ ಕೊನೆಯ ಪುಟವನ್ನು ಇಬ್ಬರೂ ಸೇರಿ ಓದುತ್ತಾರೆ. ಆಕರ ಎಂದು ‘ಗೂಗಲ್’ ಎಂದಷ್ಟೇ ಬರೆದವರು ಎಷ್ಟು, ತೆರೆಯದ ಕೊಂಡಿ ಎಷ್ಟು, ಪುಟಸಂಖ್ಯೆ ಇಲ್ಲದ ಪುಸ್ತಕ ಎಷ್ಟು ಎಂದು ಗುರುತಿಸುತ್ತಾರೆ. ಏನು ಕಲಿಸಬೇಕೆಂಬುದು ಆ ಪುಟದಿಂದಲೇ ತೀರ್ಮಾನವಾಗುತ್ತದೆ. ಅಮೆರಿಕದ ಕಾಲೇಜು ಗ್ರಂಥಾಲಯ ಸಂಘ 2016ರಲ್ಲಿ ಅಂಗೀಕರಿಸಿದ ಮಾಹಿತಿ ಸಾಕ್ಷರತೆಯ ಆರು ಪರಿಕಲ್ಪನೆಗಳ ಚೌಕಟ್ಟು ಗ್ರಂಥಪಾಲಕರಿಗೆ ಗೊತ್ತಿರಬೇಕು, ನಿಜ. ಆದರೆ ಅದನ್ನು ವಿದ್ಯಾರ್ಥಿಗಳ ಮುಂದೆ ಸ್ಲೈಡ್ ಮಾಡಿ ತೋರಿಸುವ ಅಗತ್ಯವಿಲ್ಲ. ಇಲ್ಲಿ ತೋರಿಸುವುದೂ ಇಲ್ಲ.

ಇನ್ನೊಂದು ನಿಯಮವನ್ನು ಎಲ್ಲರೂ ಎತ್ತಿಕೊಳ್ಳಬಹುದು. ಅಸೈನ್‌ಮೆಂಟಿನ ಪ್ರತಿ ವಿಷಯವನ್ನೂ ಮೊದಲು ಗ್ರಂಥಪಾಲಕರೇ ಹುಡುಕಿ ನೋಡುತ್ತಾರೆ. 30 ನಿಮಿಷದೊಳಗೆ ಮೂರು ಒಳ್ಳೆಯ ಆಕರ ಸಿಗದಿದ್ದರೆ ಆ ವಿಷಯ ಪಟ್ಟಿಯಿಂದ ಹೊರಗೆ, ಇಲ್ಲವೇ ಪ್ರಶ್ನೆಯ ರೂಪ ಬದಲು. ‘ಉತ್ತರ ಕನ್ನಡದ ಮೀನುಗಾರಿಕೆ’ ಎಂದು ಕೊಟ್ಟರೆ ವಿದ್ಯಾರ್ಥಿ ನಕಲು ಮಾಡದೆ ಬೇರೆ ದಾರಿಯಿಲ್ಲ, ಅಷ್ಟು ದೊಡ್ಡದು. ‘ಕಾರವಾರದ ಏಂಡಿ ಬಲೆ ಯಾಕೆ ಕಡಿಮೆಯಾಯಿತು’ ಎಂದು ಕೇಳಿದರೆ ಹುಡುಕಲೇಬೇಕು.

ಐದು ತರಗತಿಗಳಲ್ಲಿ ಅತ್ಯುತ್ತಮವಾದದ್ದು ಮೊದಲನೆಯದು. ಅಲ್ಲಿ ಕಂಪ್ಯೂಟರನ್ನು ಮುಟ್ಟುವುದೇ ಇಲ್ಲ. ಒಂದು ಹಾಳೆ, ನಾಲ್ಕು ಕಾಲಂ: ಊರ ಹೆಸರು, ಇಂಗ್ಲಿಷ್ ಹೆಸರು, ಶಾಸ್ತ್ರೀಯ ಹೆಸರು, ಹಳೆಯ ಹೆಸರು. ಉಪನ್ಯಾಸಕರು ವಿಷಯದ ಪದಗಳನ್ನು ಹೇಳುತ್ತಾರೆ, ಗ್ರಂಥಪಾಲಕರು ಅವು ಸೂಚಿಗಳಲ್ಲಿ ಹೇಗೆ ಅಡಗಿರುತ್ತವೆ ಎಂದು ತೋರಿಸುತ್ತಾರೆ. ಗಜನಿಯನ್ನು ಇಂಗ್ಲಿಷಿನಲ್ಲಿ ಝಡ್ ಹಾಕಿಯೂ ಜೆ ಹಾಕಿಯೂ ಬರೆಯುತ್ತಾರೆ, ಕೊನೆಯ ಅಕ್ಷರದ ಹಿಂದಿನ ಎ ಕೆಲವರಿಗೆ ಇದೆ, ಕೆಲವರಿಗೆ ಇಲ್ಲ. ಇಂಥದ್ದೇ ಗದ್ದೆಗೆ ಗೋವೆಯಲ್ಲಿ ಖಜಾನ್, ಕೇರಳದಲ್ಲಿ ಪೊಕ್ಕಾಳಿ ಎನ್ನುತ್ತಾರೆ. ಅಲ್ಲಿನ ಅಧ್ಯಯನಗಳೂ ನಮ್ಮ ವಿದ್ಯಾರ್ಥಿಗೆ ಬೇಕು. ಮೂರು ಕಾಗುಣಿತಗಳನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ನಡುವೆ ‘ಆರ್’ ಎಂಬ ಇಂಗ್ಲಿಷ್ ಪದವನ್ನು ದೊಡ್ಡ ಅಕ್ಷರಗಳಲ್ಲೇ ಹಾಕಿ, ಕೊನೆಗೆ ಭತ್ತ ಅಥವಾ ಅಳಿವೆ ಎಂಬರ್ಥದ ಇಂಗ್ಲಿಷ್ ಪದ ಸೇರಿಸಿದರೆ ಘಜ್ನಿ ಮಹಮ್ಮದ ಹಿಂದೆ ಸರಿಯುತ್ತಾನೆ. ಸಣ್ಣ ಅಕ್ಷರದಲ್ಲಿ ಹಾಕಿದರೆ ಗೂಗಲ್ ಅದನ್ನು ಆಯ್ಕೆಯ ಸೂಚನೆ ಎಂದು ಪರಿಗಣಿಸುವುದಿಲ್ಲ. ಬಹುಪಾಲು ವಿದ್ಯಾರ್ಥಿಗಳು ಎಡವುವುದು ಇಲ್ಲೇ.

ಅಡಿಕೆಯ ಕೊಳೆರೋಗದ್ದು ಇನ್ನೂ ಸ್ವಾರಸ್ಯ. ‘ಕೊಳೆರೋಗ’ ಎಂಬ ನಮ್ಮ ಪದವೇ ಇಂಗ್ಲಿಷ್ ಪ್ರಬಂಧಗಳಲ್ಲಿ ಹಾಗೇ ಬಳಕೆಯಲ್ಲಿದೆ. ಅದರ ಜೊತೆಗೆ ‘ಮಹಾಲಿ’ ಎಂದೂ ‘ಹಣ್ಣು ಕೊಳೆ’ ಎಂಬರ್ಥದಲ್ಲೂ ಬರೆಯುತ್ತಾರೆ. ಆದರೆ ಕಾಫಿಯ ಕಪ್ಪು ಕೊಳೆಗೂ ಕೊಳೆರೋಗವೆಂದೇ ಹೆಸರು, ಅದರ ಶಿಲೀಂಧ್ರ ಬೇರೆ. ಹಾಗಾಗಿ ಶಿರಸಿಯ ತೋಟದ ಬಗ್ಗೆ ಬರೆಯುವವನು ಕಾಫಿ ತೋಟದ ಔಷಧಿಯನ್ನು ಉಲ್ಲೇಖಿಸುವ ಅಪಾಯವಿದೆ. ಅಡಿಕೆಯ ಶಾಸ್ತ್ರೀಯ ಹೆಸರು ಅರೇಕಾ ಕ್ಯಾಟೆಚು ಸೇರಿಸಿದರೆ ಆ ಅಪಾಯ ತಪ್ಪುತ್ತದೆ.

ನಾಲ್ಕನೆಯ ಕಾಲಂ, ಹಳೆಯ ಹೆಸರು, ಇತಿಹಾಸದ ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯುತ್ತದೆ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಆದ್ದರಿಂದ 1883ರ ಗ್ಯಾಸೆಟಿಯರ್ ಮುಂಬಯಿ ಪ್ರಾಂತ್ಯದ ಮಾಲೆಯ 15ನೇ ಸಂಪುಟ, ಎರಡು ಭಾಗಗಳಲ್ಲಿದೆ, ಶೀರ್ಷಿಕೆಯಲ್ಲಿ ಇರುವುದು ‘ಕೆನರಾ’ ಮಾತ್ರ. ‘ಉತ್ತರ ಕನ್ನಡ’ ಎಂದು ಹುಡುಕಿದವರಿಗೆ ಅದು ಸಿಗದಿದ್ದರೆ ಆಶ್ಚರ್ಯವಿಲ್ಲ. ಕೆನರಾದ ಮೊದಲ ಅಕ್ಷರ ಕೆ ಆಗಿರಬಹುದು, ಸಿ ಆಗಿರಬಹುದು. ಕಾರವಾರಕ್ಕೂ ಹಾಗೇ. ಕುಮಟಾ ಹಳೆಯ ಹತ್ತಿ ವ್ಯಾಪಾರದ ದಾಖಲೆಗಳಲ್ಲಿ ‘ಕೂಮ್ಟಾ’, ಹೊನ್ನಾವರ ‘ಓನೋರ್’, ಅಘನಾಶಿನಿ ನದಿ ‘ತದಡಿ’. ಸೂಪಾ ತಾಲೂಕೆಂದರೆ ಇಂದಿನ ಜೋಯಿಡಾ. ಕನ್ನಡದಲ್ಲೇ ಹುಡುಕಿದರೂ ಶಿರಸಿ, ಸಿರಸಿ, ಸಿರ್ಸಿ ಮೂರೂ ಬೇಕು. ಈ ಹಾಳೆಯನ್ನು ಪ್ರತಿ ವರ್ಷದ ತಂಡ ಮುಂದಿನ ತಂಡಕ್ಕೆ ಬಿಟ್ಟು ಹೋಗುತ್ತದೆ. ಈಗ ಅದು ದಪ್ಪ ಫೈಲಾಗಿ ಕೌಂಟರಿನ ಪಕ್ಕದಲ್ಲಿದೆ, ಯಾರು ಬೇಕಾದರೂ ತಿರುವಿ ನೋಡಬಹುದು. ಕೋರ್ಸಿನ ಉಳಿದದ್ದೆಲ್ಲ ಬಿಟ್ಟರೂ ಈ ಫೈಲೊಂದನ್ನು ಪ್ರತಿ ಕಾಲೇಜೂ ಶುರು ಮಾಡಬೇಕು.

ಎರಡನೇ ತರಗತಿ ಎಲ್ಲಿ ಹುಡುಕುವುದು ಎಂಬುದರ ಮೇಲೆ. ಮೊದಲು ಕಪಾಟು: ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಿ ನಮ್ಮ ಜಿಲ್ಲೆ ಒಂದೇ ಕಡೆ ಕೂತಿಲ್ಲ. ಕರ್ನಾಟಕದ ಇತಿಹಾಸ 954.87ರಲ್ಲಿ, ಜಾನಪದ 398ರಲ್ಲಿ, ಅರಣ್ಯ 634.9ರಲ್ಲಿ, ಮೀನುಗಾರಿಕೆ 639.2ರಲ್ಲಿ. ಹಾಲಕ್ಕಿ ಒಕ್ಕಲಿಗ ಸಮುದಾಯದ ಬಗ್ಗೆ ಬರೆಯುವವರು ಕನಿಷ್ಠ ಎರಡು ಕಪಾಟಿನ ಮುಂದೆ ನಿಲ್ಲಬೇಕು. ಆಮೇಲೆ ಆನ್‌ಲೈನ್. ಪಿಎಚ್‌ಡಿ ಪ್ರಬಂಧಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಗ್ರಂಥಾಲಯ ಜಾಲ ಕೇಂದ್ರ ನಡೆಸುವ ಶೋಧಗಂಗಾ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ನಮ್ಮ ಜಿಲ್ಲೆಯ ಮೇಲೆ ಆದ ಕೆಲಸಕ್ಕೆ ಮೊದಲು ಕೈಹಾಕಬೇಕಾದದ್ದು ಅಲ್ಲೇ. ಅಲ್ಲಿ ಪ್ರಬಂಧ ಒಂದೇ ಕಡತವಾಗಿ ಸಿಗುವುದಿಲ್ಲ, ಅಧ್ಯಾಯವಾರು ತುಂಡಾಗಿರುತ್ತದೆ. ವಿದ್ಯಾರ್ಥಿಗಳು ಮೊದಲ ಕಡತ ತೆರೆದು ಬರೀ ಮುಖಪುಟ ಕಂಡು ಮುಚ್ಚಿಬಿಡುತ್ತಾರೆ. ಕೊನೆಯ ಕಡತ, ಗ್ರಂಥಸೂಚಿ, ಮೊದಲು ತೆರೆಯಿರಿ ಎಂದು ಇಲ್ಲಿ ಕಲಿಸುತ್ತಾರೆ. ನಾಲ್ಕು ವರ್ಷ ಯಾರೋ ಹುಡುಕಿದ್ದರ ಫಲ ಅಲ್ಲಿ ಹತ್ತು ಪುಟದಲ್ಲಿ ಸಿಗುತ್ತದೆ.

ಶಿರಸಿಯ ಅರಣ್ಯ ಕಾಲೇಜು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಕೃಷಿ ವಿಶ್ವವಿದ್ಯಾಲಯಗಳ ಎಂ.ಎಸ್ಸಿ. ಪ್ರಬಂಧಗಳಿಗೆ ಕೃಷಿಕೋಶ ಎಂಬ ಆನ್‌ಲೈನ್ ಭಂಡಾರವನ್ನೇ ನೋಡಬೇಕು, ಶೋಧಗಂಗೆಯಲ್ಲಿ ಹುಡುಕಿ ಇಲ್ಲವೆಂದು ತೀರ್ಮಾನಿಸಬಾರದು. ಮೀನಿನ ವಿಷಯಕ್ಕೆ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮುಕ್ತ ಭಂಡಾರವಿದೆ. ಆ ಸಂಸ್ಥೆಯ ಕೇಂದ್ರ ಕಾರವಾರದಲ್ಲೇ ಇರುವುದರಿಂದ ಇಲ್ಲಿನ ದಂಡೆಯ ಬಗ್ಗೆ ಲೇಖನಗಳು ಬೇಕಾದಷ್ಟಿವೆ, ದುಡ್ಡು ಕೊಡಬೇಕಿಲ್ಲ. ಖರಗಪುರದ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನೂ ತೋರಿಸುತ್ತಾರೆ. ಅದು ಬಹುಮಟ್ಟಿಗೆ ಬೇರೆಡೆ ಇರುವ ವಸ್ತುಗಳಿಗೆ ದಾರಿ ತೋರಿಸುವ ಸೂಚಿ, ಎಲ್ಲವೂ ಅಲ್ಲೇ ತೆರೆಯುತ್ತದೆಂದು ನಂಬಿ ಕೂರಬಾರದು.

ದುಡ್ಡಿನ ನಿಯತಕಾಲಿಕಗಳ ವಿಷಯ ಸ್ವಲ್ಪ ಗೊಂದಲದ್ದು. ಕೇಂದ್ರ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯದ್ದು. 30 ಪ್ರಕಾಶಕರ ಸುಮಾರು 13,000 ಇ-ನಿಯತಕಾಲಿಕಗಳು ಅದರಲ್ಲಿವೆ. ಆದರೆ ಅದು ರೂಪುಗೊಂಡದ್ದು ಸರ್ಕಾರಿ ಆಡಳಿತದ ಸಂಸ್ಥೆಗಳಿಗೆ. ಖಾಸಗಿ ಆಡಳಿತ ಮಂಡಳಿಯ ಕಾಲೇಜುಗಳು ಕಾಲೇಜುಗಳಿಗೆ ಇ-ನಿಯತಕಾಲಿಕ, ಇ-ಪುಸ್ತಕ ಒದಗಿಸುವ ಎನ್-ಲಿಸ್ಟ್ ಖಾತೆಯನ್ನೇ ನೆಚ್ಚಿಕೊಂಡಿರುತ್ತವೆ. ತರಗತಿಯ ದಿನ ಖಾತೆ ಮಾಡಿಸಲು ಹೊರಟರೆ ಇಡೀ ಅವಧಿ ಪಾಸ್‌ವರ್ಡಿನಲ್ಲೇ ಕಳೆಯುತ್ತದೆ. ಈ ಕಾಲೇಜಿನಲ್ಲಿ ಒಂದು ವಾರ ಮೊದಲೇ ಹೆಸರು, ಇಮೇಲ್ ಪಟ್ಟಿ ತರಿಸಿ ಖಾತೆ ತೆರೆಸುತ್ತಾರೆ, ತರಗತಿಗೆ ಬರುವ ಮೊದಲು ಒಂದು ಸಲ ಲಾಗಿನ್ ಆಗಿ ಬರಬೇಕೆಂದು ಹೇಳುತ್ತಾರೆ. ಒಬ್ಬರ ಪಾಸ್‌ವರ್ಡನ್ನು ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸವನ್ನು ಅಂದೇ ಖಡಾಖಂಡಿತವಾಗಿ ತಡೆಯಬೇಕು. ಒಂದೇ ಖಾತೆಯಿಂದ ರಾಶಿ ಡೌನ್‌ಲೋಡ್ ಆದರೆ ಪ್ರಕಾಶಕರು ಪ್ರವೇಶವನ್ನೇ ಮುಚ್ಚಬಹುದು, ತೊಂದರೆ ಇಡೀ ಕಾಲೇಜಿಗೆ.

ಮೂರನೇ ತರಗತಿ ಸಿಕ್ಕಿದ್ದನ್ನು ನಂಬಬೇಕೇ ಎಂಬುದರ ಬಗ್ಗೆ. ಹಿಂದೆ ಎಲ್ಲೆಡೆ ಕಲಿಸುತ್ತಿದ್ದದ್ದು ಪ್ರಶ್ನಾವಳಿ: ಲೇಖಕರ ಹೆಸರಿದೆಯೇ, ದಿನಾಂಕವಿದೆಯೇ, ಪುಟ ಅಚ್ಚುಕಟ್ಟಾಗಿದೆಯೇ. ಸುಳ್ಳು ಪುಟಗಳೂ ಈಗ ಅಚ್ಚುಕಟ್ಟಾಗಿರುವುದರಿಂದ ಆ ಪಟ್ಟಿ ಸಾಲದು. ಇಲ್ಲಿ ಮೈಕ್ ಕೌಲ್‌ಫೀಲ್ಡ್ ರೂಪಿಸಿದ ನಾಲ್ಕು ಹೆಜ್ಜೆಗಳನ್ನು ಬಳಸುತ್ತಾರೆ: ನಿಲ್ಲು, ಹೇಳಿದವರು ಯಾರು ನೋಡು, ಬೇರೆಯವರು ಏನು ಹೇಳಿದ್ದಾರೆ ನೋಡು, ಮಾತಿನ ಮೂಲದವರೆಗೆ ಹೋಗು. ಪುಟದೊಳಗೇ ಕೂತು ಯೋಚಿಸುವುದಲ್ಲ, ಪುಟ ಬಿಟ್ಟು ಹೊರಗೆ ಹೋಗುವುದು.

ಅಭ್ಯಾಸಕ್ಕೆ ಆರಿಸಿದ ಮಾತುಗಳು ಚೆನ್ನಾಗಿವೆ. ‘ನಿರಂತರವಾಗಿ ಓಡಿದ ವಿಶ್ವದಾಖಲೆ ಕೈಗಾ ಅಣುಸ್ಥಾವರದ ಒಂದನೇ ಘಟಕದ್ದು’ ಎಂಬ ಮಾತು ಒಂದು. 2018ರ ಡಿಸೆಂಬರ್ 31ಕ್ಕೆ 962 ದಿನ ಓಡಿದ್ದು ನಿಜ, ಆಗ ಅದು ದಾಖಲೆಯೂ ಹೌದು. ಆದರೆ ಕೆನಡಾದ ಡಾರ್ಲಿಂಗ್ಟನ್ ಘಟಕ 2020ರಲ್ಲಿ ಅದನ್ನು ದಾಟಿತು. ಹಳೆಯ ಪುಟ ಸುಳ್ಳು ಹೇಳಿಲ್ಲ, ಹಳೆಯದಾಗಿದೆ ಅಷ್ಟೇ. ಸುಳ್ಳಿಗೂ ಹಳತಿಗೂ ಇರುವ ವ್ಯತ್ಯಾಸ ಹಿಡಿಯುವುದನ್ನು ಇಷ್ಟು ಚೆನ್ನಾಗಿ ಕಲಿಸುವ ಬೇರೆ ಉದಾಹರಣೆ ಸಿಗುವುದು ಕಷ್ಟ. ಇನ್ನೊಂದು, ‘ಅಘನಾಶಿನಿ ಕರ್ನಾಟಕದ ಮೊದಲ ರಾಮ್ಸಾರ್ ತಾಣ’ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ). ಅಘನಾಶಿನಿ ಅಳಿವೆ 4,801 ಹೆಕ್ಟೇರಿನ ರಾಮ್ಸಾರ್ ತಾಣವೆಂದು ಘೋಷಣೆಯಾದದ್ದು 2024ರಲ್ಲಿ, ರಂಗನತಿಟ್ಟು ಅದಕ್ಕಿಂತ ಮೊದಲು 2022ರಲ್ಲೇ ಆಗಿತ್ತು. ಅರ್ಥಶಾಸ್ತ್ರದವರಿಗೆ ಜನಗಣತಿ: 2011ರಲ್ಲಿ ಜಿಲ್ಲೆಯ ಜನಸಂಖ್ಯೆ 14,37,169, ತಾಲೂಕುಗಳು 11. ಈಗ ದಾಂಡೇಲಿ ಸೇರಿ 12. ಹಳಿಯಾಳದ 2011ರ ಅಂಕಿಯನ್ನು ಇಂದಿನ ಹಳಿಯಾಳದ ಜೊತೆ ಹೋಲಿಸಿ ಜನ ಕಡಿಮೆಯಾದರು ಎಂದು ಬರೆದರೆ ಅದು ತಪ್ಪು, ದಾಂಡೇಲಿ ಅದರಿಂದಲೇ ಒಡೆದದ್ದು. ಇದನ್ನು ವಿಷಯದ ಉಪನ್ಯಾಸಕರು ಬಾಯಿ ಬಿಟ್ಟು ಹೇಳದಿದ್ದರೆ ಹುಡುಕುವ ಯಾವ ಕೌಶಲವೂ ಕಾಪಾಡುವುದಿಲ್ಲ.

ಎಐ ಚಾಟ್‌ಬಾಟಿಗೆ 20 ನಿಮಿಷ ಕೊಟ್ಟಿದ್ದಾರೆ, ಬೈಯುವುದಕ್ಕಲ್ಲ. ಪ್ರತಿ ಜೋಡಿ ತಮ್ಮ ವಿಷಯಕ್ಕೆ ಐದು ಆಕರ ಕೇಳಿ, ಒಂದೊಂದನ್ನೂ ಪರೀಕ್ಷಿಸಬೇಕು. ಮೊದಲು ಡಿಒಐ ಸಂಖ್ಯೆಯನ್ನು (ಲೇಖನಕ್ಕೆ ಕೊಡುವ ಶಾಶ್ವತ ಗುರುತುಸಂಖ್ಯೆ) ಅದರ ಅಧಿಕೃತ ತಾಣದಲ್ಲಿ ಹಾಕುವುದು. ತೆರೆದರೆ ಸಾಲದು, ಅದೇ ಶೀರ್ಷಿಕೆ ಬಂತೇ ನೋಡಬೇಕು, ಬೇರೆ ಯಾರದೋ ಲೇಖನ ತೆರೆಯುವುದುಂಟು. ಆಮೇಲೆ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯಲ್ಲಿಟ್ಟು ಗೂಗಲ್ ಸ್ಕಾಲರಿನಲ್ಲಿ ಹುಡುಕುವುದು. ಕೊನೆಗೆ ನಿಯತಕಾಲಿಕದ ಆ ವರ್ಷದ ಆ ಸಂಚಿಕೆಯ ಪರಿವಿಡಿ ನೋಡುವುದು. ಮೂರರಲ್ಲೂ ಸಿಗದ ಆಕರ ಇಲ್ಲವೆಂದೇ ತಿಳಿದು ಹೊಡೆದುಹಾಕುವುದು.

ನಾಲ್ಕನೇ ತರಗತಿ, ಉಲ್ಲೇಖ ಮತ್ತು ಕೃತಿಚೌರ್ಯ, ಈ ಕೋರ್ಸಿನ ದುರ್ಬಲ ಭಾಗ. ಆಕರಗಳನ್ನು ನಮೂದಿಸುವ ಎಪಿಎ ಶೈಲಿಯ ನಿಯಮಗಳನ್ನು ಒಂದರ ಹಿಂದೆ ಒಂದು ಹೇಳುತ್ತ ಹೋಗುತ್ತಾರೆ, ಅಲ್ಪವಿರಾಮದ ಜಾಗ ಕಲಿಸುವುದರಲ್ಲೇ ಗಂಟೆ ಮುಗಿಯುತ್ತದೆ. ಕಲಿಸಬೇಕಾದದ್ದು ನಮ್ಮ ಹೆಸರುಗಳ ತೊಡಕು. ಈ ಜಿಲ್ಲೆಯ ಲೇಖಕರಲ್ಲಿ ಹೆಗಡೆ, ಭಟ್ಟ, ನಾಯ್ಕ, ಗೌಡ ಎಷ್ಟು ಜನ! ಅಡ್ಡಹೆಸರು ಮುಂದೆ, ಒಂದು ಇನಿಷಿಯಲ್ ಹಿಂದೆ ಎಂದು ಬರೆದರೆ ಹತ್ತು ಜನ ಒಬ್ಬರೇ ಆಗಿಬಿಡುತ್ತಾರೆ. ಹೆಗಡೆಯನ್ನು ಇಂಗ್ಲಿಷಿನಲ್ಲಿ ಎರಡು ಬಗೆ, ನಾಯ್ಕವನ್ನು ಮೂರು ಬಗೆ ಬರೆಯುತ್ತಾರೆ. ಪೂರ್ಣ ಹೆಸರು ಟಿಪ್ಪಣಿಯಲ್ಲಿಟ್ಟುಕೊಂಡು, ಲೇಖನದಲ್ಲಿ ಇದ್ದ ಕಾಗುಣಿತವನ್ನೇ ಉಳಿಸಬೇಕೆಂಬ ಒಂದು ನಿಯಮ ಹತ್ತು ಅಲ್ಪವಿರಾಮಗಳಿಗಿಂತ ಮುಖ್ಯ.

ಯುಜಿಸಿಯ 2018ರ ನಿಯಮಾವಳಿಯಲ್ಲಿ ಶೇ. 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ ಎಂದಿರುವುದನ್ನು ವಿದ್ಯಾರ್ಥಿಗಳು ‘ಹತ್ತು ಪರ್ಸೆಂಟ್ ಕಾಪಿ ಹೊಡೆಯಬಹುದು’ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಸರಿಯಾಗಿ ಉಲ್ಲೇಖಿಸಿದ ಉದ್ಧರಣೆ, ಗ್ರಂಥಸೂಚಿ, 14 ಸತತ ಪದಗಳವರೆಗಿನ ಸಾಮಾನ್ಯ ಪದಗುಚ್ಛ ಇವನ್ನು ಲೆಕ್ಕದಿಂದ ಬಿಟ್ಟೇ ಆ ಪ್ರಮಾಣ ನೋಡುವುದು ಎಂದು ಯಾರೂ ಹೇಳುವುದಿಲ್ಲ. ಈ ತರಗತಿಯಲ್ಲೂ ಹೇಳಲಿಲ್ಲ. ಕನ್ನಡದ ಮಟ್ಟಿಗೆ ಇನ್ನೂ ಒಂದು ಸಮಸ್ಯೆ ಇದೆ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅದರೊಳಗೆ ಕನ್ನಡ ಪದ ಹುಡುಕಿದರೆ ಸಿಗದು, ನಕಲು ಮಾಡಿ ಅಂಟಿಸಿದರೆ ಓದಲಾಗದು. ಯೂನಿಕೋಡ್ ಪಠ್ಯದ ಜೊತೆ ಹೋಲಿಸಿದಾಗ ಸಾಮ್ಯವೂ ತೋರದು. ಸಾಮ್ಯದ ವರದಿಯಲ್ಲಿ ಸೊನ್ನೆ ಬಂದರೆ ಸ್ವಂತ ಬರಹ ಎಂದಲ್ಲ. ಕನ್ನಡದಲ್ಲಿ ಅಸೈನ್‌ಮೆಂಟ್ ಬರೆಯುವವರಿಗೆ ಯೂನಿಕೋಡ್ ಕಡ್ಡಾಯ ಮಾಡುವುದೇ ಮೊದಲ ಹೆಜ್ಜೆ.

ಐದನೇ ತರಗತಿ ಒಬ್ಬೊಬ್ಬರ ಜೊತೆ ಕೂತು ‘ಹುಡುಕಾಟದ ದಿನಚರಿ’ ನೋಡುವುದು. ಐದು ಕಾಲಂ: ದಿನಾಂಕ, ಎಲ್ಲಿ ಹುಡುಕಿದೆ, ಯಾವ ಪದ, ಎಷ್ಟು ಫಲಿತಾಂಶ, ಮುಂದೆ ಏನು ಬದಲಿಸಿದೆ. ಕೊನೆಯ ಕಾಲಂ ಖಾಲಿ ಇದ್ದರೆ ದಿನಚರಿಯನ್ನು ಕೊನೆಯ ರಾತ್ರಿ ಒಟ್ಟಿಗೇ ತುಂಬಿದ್ದಾರೆಂದು ಅರ್ಥ, ಅಂಕ ಅಲ್ಲೇ ಹೋಗುತ್ತದೆ. ಫೋನಿನಲ್ಲೇ ಕೆಲಸ ಮಾಡುವವರಿಗೆ ಕಡತದ ಹೆಸರಿನ ಪಾಠವೂ ಇಲ್ಲೇ: ವರ್ಷ, ಲೇಖಕ, ವಿಷಯ. ‘ಡೌನ್‌ಲೋಡ್ 3’ ಎಂಬ ಹೆಸರಿನ ಹತ್ತು ಪಿಡಿಎಫ್ ಇಟ್ಟುಕೊಂಡವರು ಉಲ್ಲೇಖ ಬರೆಯುವಾಗ ಪರದಾಡುತ್ತಾರೆ.

ಈಗ ದುಬಾರಿ ಭಾಗ. ಮೂರು ವಿಭಾಗ, ವಿಭಾಗಕ್ಕೆ ಎರಡು ತಂಡ, ತಂಡಕ್ಕೆ 5 ತರಗತಿ: ಗ್ರಂಥಪಾಲಕರಿಗೆ 30 ಅವಧಿ. 144 ದಿನಚರಿಗಳನ್ನು ತಲಾ 12 ನಿಮಿಷದಂತೆ ಓದಿದರೆ ಇನ್ನೊಂದು 29 ಗಂಟೆ. ಒಬ್ಬರೇ ಗ್ರಂಥಪಾಲಕರಿರುವ ಕಾಲೇಜಿನಲ್ಲಿ ಆ ಹೊತ್ತು ಕೌಂಟರಿನಲ್ಲಿ ಯಾರು ಕೂರುತ್ತಾರೆ ಎಂಬುದನ್ನು ಪ್ರಾಂಶುಪಾಲರು ಬರಹದಲ್ಲಿ ಕೊಡದೆ ಇದಕ್ಕೆ ಕೈಹಾಕಬಾರದು. ಮೊದಲ ವರ್ಷ ಒಂದೇ ವಿಭಾಗ ಸಾಕು. ಉಪನ್ಯಾಸಕರು ‘ನೀವು ತಗೊಳ್ಳಿ ಸರ್, ನನಗೆ ವ್ಯಾಲ್ಯುಯೇಷನ್ ಇದೆ’ ಎಂದು ಎದ್ದು ಹೋದ ದಿನ ತರಗತಿ ಸಪ್ಪೆಯಾಗುತ್ತದೆ, ನಾಲ್ಕನೆಯದು ಕೆಡಲು ಅದೂ ಒಂದು ಕಾರಣ. ಗ್ರಂಥಪಾಲಕರ ವೇಳಾಪಟ್ಟಿಯ ಹಾಗೆ ಉಪನ್ಯಾಸಕರ ವೇಳಾಪಟ್ಟಿಯಲ್ಲೂ ಈ ಅವಧಿಗಳು ಅಚ್ಚಾಗಿರಬೇಕು.

ಕರಾವಳಿಯ ಮಳೆಯನ್ನೂ ಲೆಕ್ಕ ಹಿಡಿಯಬೇಕು. ಮಳೆ ರಜೆ ಬಂದು ಮೊದಲ ತರಗತಿಗೂ ಎರಡನೆಯದಕ್ಕೂ ಮೂರು ವಾರ ಅಂತರವಾದರೆ ಪದಗಳ ಹಾಳೆ ಮನೆಯಲ್ಲೇ ಉಳಿಯುತ್ತದೆ. ಕರೆಂಟು, ನೆಟ್‌ವರ್ಕ್ ಹೋದ ದಿನಕ್ಕೆಂದು ಇಲ್ಲಿ ಒಂದು ಪೆನ್‌ಡ್ರೈವ್ ಸಿದ್ಧವಿದೆ. ಅದರಲ್ಲಿ ಮುಕ್ತವಾಗಿ ಹಂಚಬಹುದಾದ ಲೇಖನಗಳು, 1883ರ ಗ್ಯಾಸೆಟಿಯರಿನ ಎರಡೂ ಭಾಗ, ಹುಡುಕಾಟದ ಪರದೆಗಳ ಚಿತ್ರಗಳು ಇವೆ. ಜೋಯಿಡಾ, ಸಿದ್ದಾಪುರದ ಒಳಊರುಗಳಿಂದ ಬರುವ ವಿದ್ಯಾರ್ಥಿಗಳು ಅದನ್ನು ಎರವಲು ಪಡೆದು ಮನೆಗೂ ಒಯ್ಯುತ್ತಾರೆ. ಗ್ರಂಥಾಲಯ ಅದನ್ನು ಪುಸ್ತಕದಂತೆಯೇ ರಿಜಿಸ್ಟರಿನಲ್ಲಿ ಬರೆದು ಕೊಡುತ್ತದೆ, ವಾಪಸಿಗೆ 7 ದಿನ ಗಡುವು. ಒಂದೇ ಪೆನ್‌ಡ್ರೈವ್ ಇರುವುದರಿಂದ ಸರದಿ ಉದ್ದವಾಗಿದೆ. ಇನ್ನೂ ನಾಲ್ಕು ಬೇಕು.